ಕಚ್ಚಿಸಿಕೊಂಡ ಗೆಳೆಯ, ರಸ್ತೆಯ ಮೇಲಿನ ಚೀಲ: ಒಂದು ಧಾರಾವಾಹಿ ಮತ್ತು ನಾಲ್ಕು ಆಟಗಳ ಹೋಲಿಕೆ

ಕಳೆದ ಮಳೆಗಾಲದ ಮೂರು ತಿಂಗಳು, ಕೊಡಗಿನ ನಾಪೋಕ್ಲು ಬಳಿಯ ನಮ್ಮ ತೋಟದ ಮನೆಯಲ್ಲಿ, ಸಂಜೆಯ ಹೊತ್ತನ್ನು ನಾನು ಒಂದೇ ಪ್ರಶ್ನೆಗೆ ಮೀಸಲಿಟ್ಟಿದ್ದೆ. ಸತ್ತ ಮೇಲೂ ಎದ್ದು ಅಲೆಯುತ್ತ ಮನುಷ್ಯರನ್ನು ಕಚ್ಚುವ ಜೋಂಬಿಗಳ ಕಥೆ ಹೇಳುವ ಧಾರಾವಾಹಿಯಾಗಲಿ, ಗೆಳೆಯರೊಡನೆ ಆಡುವ ಆನ್‌ಲೈನ್ ಆಟವಾಗಲಿ, ಎರಡೂ ಕೊನೆಗೆ ಬಂದು ನಿಲ್ಲುವುದು ಜೊತೆಯವನನ್ನು ಉಳಿಸುವುದೋ ಬಿಟ್ಟು ಹೋಗುವುದೋ ಎಂಬ ಗಳಿಗೆಯಲ್ಲಿ. ಆ ಗಳಿಗೆಯ ಭಾರ ಯಾವುದರಲ್ಲಿ ನಿಜವಾಗಿ ನಮ್ಮ ಹೆಗಲಿಗೆ ಬರುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಒಂದು ಕಡೆ, 2010ರ ಅಕ್ಟೋಬರ್‌ನಿಂದ 2022ರ ನವೆಂಬರ್‌ವರೆಗೆ ಹನ್ನೊಂದು ಸೀಸನ್‌ಗಳಲ್ಲಿ 177 ಕಂತುಗಳಾಗಿ ಬಂದ ‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಮೊದಲ ನಾಲ್ಕು ಸೀಸನ್‌ಗಳನ್ನು ತಂಗಿಯೊಡನೆ ಎರಡನೆಯ ಸಲ ನೋಡಿದೆ. ಇನ್ನೊಂದು ಕಡೆ, ವಿರಾಜಪೇಟೆಯ ಒಬ್ಬ ಗೆಳೆಯ ಮತ್ತು ಕುಶಾಲನಗರದ ಅಣ್ಣ ತಮ್ಮಂದಿರಿಬ್ಬರೊಡನೆ ‘ಲೆಫ್ಟ್ ಫೋರ್ ಡೆಡ್ 2’, ‘ಪ್ರಾಜೆಕ್ಟ್ ಜೊಂಬಾಯ್ಡ್’ ಮತ್ತು ‘ಡೇಝೀ’ ಆಟಗಳನ್ನು ಆಡಿದೆ. ಧಾರಾವಾಹಿಯ ಹೆಸರನ್ನೇ ಹೊತ್ತು 2012ರಲ್ಲಿ ಟೆಲ್‌ಟೇಲ್ ಕಂಪನಿ ತಂದ ಐದು ಕಂತಿನ ಆಟವನ್ನು ಒಬ್ಬನೇ ಮುಗಿಸಿದೆ. ಮುಂದೆ ಬರೆಯುವುದರಲ್ಲಿ ಕಥೆಯ ಗುಟ್ಟುಗಳು ಹೊರಬೀಳುತ್ತವೆ. ಇನ್ನೂ ನೋಡದವರು ಇದನ್ನು ತಿಳಿದು ಓದಬೇಕಾಗಿ ವಿನಂತಿ.

ನೈತಿಕ ಆಯ್ಕೆಯನ್ನು ಅಳೆಯುವ ಮೊದಲು ಕಾದಾಟದ ನಿಯಮವನ್ನು ನೋಡಬೇಕೆಂಬುದು ನನ್ನ ಹಠ. ಬಿದ್ದವನನ್ನು ಎತ್ತಲು ಎಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಎತ್ತುವವನ ಕೈಯಲ್ಲಿ ಆಯುಧವಿರುತ್ತದೆಯೇ, ಹಾರಿಸಿದ ಗುಂಡು ಜೊತೆಯವನಿಗೂ ತಗಲುತ್ತದೆಯೇ ಎಂಬ ಸಣ್ಣ ಲೆಕ್ಕಗಳಿಂದಲೇ ಆಯ್ಕೆ ಹುಟ್ಟುತ್ತದೆ. ಬಂದೂಕಿನ ವಿಷಯದಲ್ಲಿ ನನಗೆ ಈ ಕಾಳಜಿ ಬಂದಿರುವುದು ಊರಿನಿಂದ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇರುವ ಈ ನಾಡಿನಲ್ಲಿ, ಆಯುಧಗಳ ಹಬ್ಬವಾದ ಕೈಲ್‌ಮುಹೂರ್ತದ ದಿನ ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನಿಗೆ ಮೊದಲು ಕಲಿಸುವುದು ಗುರಿ ಇಡುವುದನ್ನಲ್ಲ. ಗುಂಡು ತುಂಬಿರಲಿ, ಖಾಲಿಯಿರಲಿ, ನಳಿಗೆಯ ಬಾಯಿ ಮನುಷ್ಯನ ಕಡೆ ತಿರುಗಬಾರದು ಎಂಬುದು ನಮ್ಮ ಅಜ್ಜನ ಮೊದಲ ಪಾಠ, ಕೊನೆಯ ಪಾಠವೂ ಅದೇ.

2009ರಲ್ಲಿ ಬಂದ ‘ಲೆಫ್ಟ್ ಫೋರ್ ಡೆಡ್ 2’ ಈ ಪಾಠವನ್ನು ಬೇರೆ ಯಾವ ಆಟಕ್ಕಿಂತಲೂ ಚೆನ್ನಾಗಿ ಕಲಿಸುತ್ತದೆ. ಕಷ್ಟದ ಹಂತಗಳಿಗೆ ಏರಿದಷ್ಟೂ ನಮ್ಮ ಗುಂಡು ನಮ್ಮವರಿಗೆ ಮಾಡುವ ಗಾಯ ಹೆಚ್ಚುತ್ತದೆ. ಮೊದಲ ವಾರ ನಾವು ನಾಲ್ವರು ಜೋಂಬಿಗಳಿಗಿಂತ ಪರಸ್ಪರರ ಶಾಟ್‌ಗನ್‌ಗೇ ಹೆಚ್ಚು ಹೆದರಿದ್ದೆವು. ಕಿರಿದಾದ ಓಣಿಯಲ್ಲಿ ಮುಂದಿರುವವನು ಮಂಡಿಯೂರಿ ಕೂರುವುದು, ಹಿಂದಿರುವವನು ಅವನ ತಲೆಯ ಮೇಲಿಂದ ಹಾರಿಸುವುದು ಎಂಬ ಕ್ರಮವನ್ನು ಯಾರೂ ಹೇಳಿಕೊಡದೆ ನಾವೇ ಕಂಡುಕೊಂಡೆವು. ಧಾರಾವಾಹಿಯ ಎರಡನೆಯ ಸೀಸನ್‌ನಲ್ಲಿ ಆಂಡ್ರಿಯಾ ದೂರದಿಂದ ಬರುತ್ತಿರುವ ತನ್ನದೇ ಗುಂಪಿನ ಡ್ಯಾರಿಲ್‌ನನ್ನು ಜೋಂಬಿಯೆಂದು ಭಾವಿಸಿ ಗುಂಡು ಹಾರಿಸುತ್ತಾಳೆ, ಗುಂಡು ಅವನ ತಲೆಯನ್ನು ಸವರಿಕೊಂಡು ಹೋಗುತ್ತದೆ. ಆ ದೃಶ್ಯವನ್ನು ನೋಡುವಾಗ ತಂಗಿ ಬೆಚ್ಚಿದಳು. ಆದರೆ ಮುಂದಿನ ಕಂತುಗಳಲ್ಲಿ ಆ ಭಯ ಉಳಿಯುವುದಿಲ್ಲ. ಗುಂಪಿನ ನಡುವೆ ಎಲ್ಲರೂ ಎಲ್ಲ ದಿಕ್ಕಿಗೂ ಗುಂಡು ಹಾರಿಸುತ್ತಾರೆ, ಯಾರಿಗೂ ತಗಲುವುದಿಲ್ಲ. ಕಾದಾಟದ ಮಟ್ಟಿಗೆ ಧಾರಾವಾಹಿಯ ದೊಡ್ಡ ಕೊರತೆ ಇದೇ. ಜೋಂಬಿ ಎಷ್ಟು ಅಪಾಯಕಾರಿ ಎಂಬುದನ್ನು ಅಲ್ಲಿ ನಿಯಮ ನಿರ್ಧರಿಸುವುದಿಲ್ಲ, ಆ ವಾರದ ಕಥೆ ನಿರ್ಧರಿಸುತ್ತದೆ.

‘ಲೆಫ್ಟ್ ಫೋರ್ ಡೆಡ್ 2’ ಆಟದಲ್ಲಿ ಸ್ಮೋಕರ್ ಎಂಬ ಜೋಂಬಿ ನಾಲಗೆ ಚಾಚಿ ಸುತ್ತಿಕೊಂಡು ಎಳೆದೊಯ್ಯತೊಡಗಿದರೆ, ಇಲ್ಲವೇ ಹಂಟರ್ ಎಂಬುದು ಮೇಲೆ ಹಾರಿ ಕೆಡವಿದರೆ, ಸಿಕ್ಕಿಬಿದ್ದವನು ತನ್ನನ್ನು ತಾನು ಬಿಡಿಸಿಕೊಳ್ಳಲಾರ. ಇನ್ನೊಬ್ಬನು ಬರಲೇಬೇಕು. ಹೀಗಾಗಿ ಒಂಟಿಯಾಗಿ ಮುಂದೆ ಓಡುವ ಸ್ವಾರ್ಥಿಯೇ ಮೊದಲು ಸಾಯುತ್ತಾನೆ. ಧಾರಾವಾಹಿಯ ಎರಡನೆಯ ಸೀಸನ್‌ನಲ್ಲಿ ಶೇನ್ ತನ್ನ ಜೊತೆ ಓಡುತ್ತಿದ್ದ ಓಟಿಸ್‌ನ ಕಾಲಿಗೆ ಗುಂಡು ಹೊಡೆದು, ಅವನನ್ನು ಜೋಂಬಿಗಳಿಗೆ ಬಿಟ್ಟು, ಮಗುವಿನ ಚಿಕಿತ್ಸೆಗೆ ಬೇಕಾದ ಸಾಮಗ್ರಿಯೊಡನೆ ಪಾರಾಗುತ್ತಾನಲ್ಲ, ಅಂಥ ಆಯ್ಕೆಗೆ ಈ ಆಟದ ಬಹುಭಾಗದಲ್ಲಿ ಜಾಗವೇ ಇಲ್ಲ. ಒಳ್ಳೆಯತನವೇ ಲಾಭದಾಯಕವಾದಾಗ ಅದನ್ನು ಒಳ್ಳೆಯತನ ಎನ್ನಬಹುದೇ ಎಂದು ಕುಶಾಲನಗರದ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ.

ಉತ್ತರ ಸಿಗುವುದು ಕೊನೆಯ ಘಟ್ಟದಲ್ಲಿ. ‘ದಿ ಪ್ಯಾರಿಷ್’ ಎಂಬ ಭಾಗದ ಮುಕ್ತಾಯದಲ್ಲಿ ಉದ್ದನೆಯ ಸೇತುವೆಯೊಂದನ್ನು ದಾಟಿ, ಆಚೆ ಕಾದಿರುವ ಹೆಲಿಕಾಪ್ಟರ್ ಹತ್ತಬೇಕು. ಅಲ್ಲಿ ತನಕ ನಮ್ಮನ್ನು ಒಟ್ಟಿಗೆ ಕಟ್ಟಿಟ್ಟಿದ್ದ ನಿಯಮ ಆ ಐವತ್ತು ಹೆಜ್ಜೆಗಳಲ್ಲಿ ಸಡಿಲವಾಗುತ್ತದೆ, ಏಕೆಂದರೆ ಹತ್ತಿದವನು ಉಳಿಯುತ್ತಾನೆ, ಹಿಂದೆ ಬಿದ್ದವನಿಂದ ಇನ್ನು ಉಪಯೋಗವಿಲ್ಲ. ಜುಲೈನ ಒಂದು ರಾತ್ರಿ ನಾನು ಹೆಲಿಕಾಪ್ಟರ್‌ನ ಬಾಗಿಲಲ್ಲಿದ್ದಾಗ ವಿರಾಜಪೇಟೆಯ ಗೆಳೆಯ ಸೇತುವೆಯ ಮೇಲೆ ಕುಸಿದು ಬಿದ್ದ. ಅವನನ್ನು ಎತ್ತಲು ಐದು ಸೆಕೆಂಡ್ ಬೇಕು, ಆ ಐದು ಸೆಕೆಂಡ್ ನಾನು ಗುಂಡು ಹಾರಿಸಲಾರೆ. ಅಣ್ಣ ತಮ್ಮಂದಿರು ಹತ್ತಿಯಾಗಿತ್ತು. ನಾನು ಇಳಿದು ಹಿಂದಕ್ಕೆ ಓಡಿದೆ, ಮೂರನೆಯ ಸೆಕೆಂಡ್‌ಗೆ ನಾನೂ ಬಿದ್ದೆ, ಇಬ್ಬರೂ ಉಳಿಯಲಿಲ್ಲ. ಮುಗಿದ ಮೇಲೆ ತೆರೆಯಲ್ಲಿ ಸತ್ತವರ ನೆನಪಿಗೆ ಎಂದು ನಮ್ಮಿಬ್ಬರ ಪಾತ್ರಗಳ ಹೆಸರು ಬಂತು. ಹೆಡ್‌ಫೋನ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವಿರಾಜಪೇಟೆಯಲ್ಲಿ ಹಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಮಾತ್ರ ಅವನ ಮೈಕ್‌ನಿಂದ ಕೇಳುತ್ತಿತ್ತು.

ಟೆಲ್‌ಟೇಲ್‌ನ ಆಟವನ್ನು ಜನ ನೈತಿಕ ಆಯ್ಕೆಯ ಆಟವೆಂದೇ ಹೊಗಳುತ್ತಾರೆ. ಅಲ್ಲಿ ಕಾದಾಟವೆಂದರೆ ತೆರೆಯ ಮೇಲೆ ತೋರಿಸಿದ ಕೀಲಿಯನ್ನು ಸಮಯಕ್ಕೆ ಸರಿಯಾಗಿ ಒತ್ತುವುದಷ್ಟೇ. ಮಾತಿನ ಆಯ್ಕೆಗಳ ಕೆಳಗೆ ಕಾಲದ ಪಟ್ಟಿಯೊಂದು ಕರಗುತ್ತ ಹೋಗುತ್ತದೆ, ಸುಮ್ಮನಿರುವುದೂ ಒಂದು ಉತ್ತರವೆಂದು ಎಣಿಕೆಯಾಗುತ್ತದೆ. ಎರಡನೆಯ ಕಂತಿನಲ್ಲಿ ಹತ್ತು ಜನರ ನಡುವೆ ನಾಲ್ಕು ತುಣುಕು ಆಹಾರ ಹಂಚಬೇಕಾದ ಭಾಗ ನನಗೆ ಬಹಳ ಹಿಡಿಸಿತು, ಏಕೆಂದರೆ ಅಲ್ಲಿ ಪಟ್ಟಿಯಿಂದ ಹೆಸರು ಆರಿಸಿದರೆ ಸಾಲದು. ಕೈಯಲ್ಲಿ ತುಣುಕು ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ, ಒಬ್ಬೊಬ್ಬರ ಬಳಿ ನಡೆದು ಹೋಗಬೇಕು. ಆದರೆ ಮೊದಲ ಕಂತಿನಲ್ಲಿ ಡಗ್ ಮತ್ತು ಕಾರ್ಲಿ ಇಬ್ಬರಲ್ಲಿ ನಾನು ಉಳಿಸಿಕೊಂಡವರು ಮೂರನೆಯ ಕಂತಿನಲ್ಲಿ ಹೇಗಿದ್ದರೂ ಒಂದೇ ಗುಂಡಿಗೆ ಬಲಿಯಾಗುತ್ತಾರೆ ಎಂದು ಎರಡನೆಯ ಸಲ ಆಡಿದಾಗ ತಿಳಿಯಿತು. ಒಂದೇ ಸಲ ಆಡುವವರಿಗೆ ಈ ಆಟ ಶ್ರೇಷ್ಠ. ಎರಡನೆಯ ಸಲ ಆಡಬೇಡಿ.

ಅಪರಿಚಿತನ ಪ್ರಶ್ನೆಯಲ್ಲಿ ಧಾರಾವಾಹಿಯನ್ನು ಮೀರಿಸಿದ್ದು ನನಗೆ ಸಿಗಲಿಲ್ಲ. ಮೂರನೆಯ ಸೀಸನ್‌ನ ಹನ್ನೆರಡನೆಯ ಕಂತು ‘ಕ್ಲಿಯರ್’. ಗುಂಪಿನ ನಾಯಕ ರಿಕ್, ಅವನ ಮಗ ಕಾರ್ಲ್ ಮತ್ತು ಜೊತೆಗಾತಿ ಮಿಶೋನ್ ಕಾರಿನಲ್ಲಿ ಹೋಗುತ್ತಿರುವಾಗ ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬನು ರಸ್ತೆಯ ಬದಿಯಿಂದ ಕೈ ಬೀಸಿ ಕೂಗಿಕೊಳ್ಳುತ್ತಾನೆ. ಕಾರು ವೇಗ ಕೂಡ ಇಳಿಸುವುದಿಲ್ಲ. ಮುಂದೆ ಕಾರು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಚಕ್ರ ತಿರುಗಿದಲ್ಲೇ ತಿರುಗುವ ಆ ಸಂಕಟ ಜುಲೈ ತಿಂಗಳಲ್ಲಿ ತೋಟದ ದಾರಿಯಲ್ಲಿ ಜೀಪು ಓಡಿಸಿದವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಅವರು ಹೊರಬರುವಷ್ಟರಲ್ಲಿ ಆ ಮನುಷ್ಯ ಓಡೋಡಿ ಬರುತ್ತಾನೆ, ಬಿಟ್ಟುಹೋಗಬೇಡಿ ಎಂದು ಅಂಗಲಾಚುತ್ತಾನೆ, ಆದರೂ ಕಾರು ಹೊರಟುಹೋಗುತ್ತದೆ. ಕಂತಿನ ಕೊನೆಗೆ ಮರಳುವ ದಾರಿಯಲ್ಲಿ ಅವನ ದೇಹದ ಉಳಿಕೆ ರಸ್ತೆಯ ಮೇಲೆ ಬಿದ್ದಿರುತ್ತದೆ. ಕಾರು ಅದನ್ನು ದಾಟಿ ಮುಂದೆ ಹೋಗಿ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಬಾಗಿಲು ತೆರೆದು ಚೀಲವನ್ನು ಎತ್ತಿಕೊಳ್ಳುತ್ತಾರೆ, ಮತ್ತೆ ಹೊರಡುತ್ತದೆ. ಯಾರೂ ಒಂದು ಮಾತನ್ನೂ ಆಡುವುದಿಲ್ಲ. ತಂಗಿ ಆ ರಾತ್ರಿ ಇನ್ನೊಂದು ಕಂತು ಬೇಡವೆಂದು ಎದ್ದುಹೋದಳು.

ಇದಕ್ಕೆ ಎದುರಾಗಿ ನಿಲ್ಲಬಲ್ಲದ್ದು ‘ಡೇಝೀ’. 2012ರಲ್ಲಿ ‘ಆರ್ಮಾ 2’ ಆಟದ ಮಾರ್ಪಾಡಾಗಿ ಹುಟ್ಟಿ, 2018ರ ಡಿಸೆಂಬರ್‌ನಲ್ಲಿ ಪೂರ್ಣ ರೂಪದಲ್ಲಿ ಬಂದ ಈ ಆಟದಲ್ಲಿ ದಾರಿಯಲ್ಲಿ ಸಿಗುವ ಅಪರಿಚಿತನು ನಿಜವಾದ ಮನುಷ್ಯ. ಹತ್ತಿರ ಬಂದರೆ ಅವನ ದನಿ ಕೇಳುತ್ತದೆ, ಸತ್ತರೆ ಹೊತ್ತದ್ದೆಲ್ಲ ಹೋಗುತ್ತದೆ. ನಾವು ಒಂದು ಸಲ ಬರಿಗೈಯಲ್ಲಿದ್ದವನಿಗೆ ಡಬ್ಬಿಯ ಆಹಾರವನ್ನೂ ಒಂದು ಪಿಸ್ತೂಲನ್ನೂ ಕೊಟ್ಟೆವು. ಹತ್ತು ನಿಮಿಷದ ಬಳಿಕ ಅದೇ ಪಿಸ್ತೂಲಿನಿಂದ ಅವನು ಕುಶಾಲನಗರದ ತಮ್ಮನನ್ನು ಕೊಂದ. ಅಲ್ಲಿಂದ ಮುಂದೆ ನಾವೂ ಆ ಕಾರಿನಲ್ಲಿದ್ದವರಂತೆ ಆದೆವು. ಗಮನಿಸಬೇಕಾದ ಸಂಗತಿ ಎಂದರೆ, ಹೊಸದಾಗಿ ಕಡಲ ತೀರದಲ್ಲಿ ಹುಟ್ಟಿ ಬಂದು ಏನೂ ಇಲ್ಲದೆ ಅಲೆಯುವಾಗ ನಾವೆಲ್ಲ ಉದಾರಿಗಳಾಗಿದ್ದೆವು, ಎದುರು ಸಿಕ್ಕವರನ್ನು ಮಾತಾಡಿಸುತ್ತಿದ್ದೆವು. ರೈಫಲ್, ಔಷಧ, ಒಳ್ಳೆಯ ಬೂಟುಗಳಿಂದ ಚೀಲ ತುಂಬಿದಷ್ಟೂ ದೂರದಿಂದಲೇ ಗುರಿ ಇಡತೊಡಗಿದೆವು. ಇದನ್ನು ಯಾವ ಸಂಭಾಷಣೆಯೂ ಹೇಳಲಿಲ್ಲ, ನಮ್ಮ ನಡತೆಯಲ್ಲೇ ನಾವು ನೋಡಿಕೊಂಡೆವು. ಆದರೆ ಮಳೆಗಾಲದ ನಮ್ಮ ಸಂಪರ್ಕಕ್ಕೆ ಈ ಆಟ ಒಗ್ಗುವುದಿಲ್ಲ. ಪಿಂಗ್, ಎಂದರೆ ಸಂಪರ್ಕದ ವಿಳಂಬ, ಒಮ್ಮೆಲೇ ಏರಿ ಎದುರಿನವನು ನಿಂತಲ್ಲೇ ನಿಂತಂತೆ ಕಾಣುವಾಗ, ಅವನು ಗುರಿ ಇಡುತ್ತಿದ್ದಾನೋ ಕೈ ಎತ್ತಿದ್ದಾನೋ ತಿಳಿಯುವುದಿಲ್ಲ; ಆಗ ಮಾಡುವ ಆಯ್ಕೆಯನ್ನು ಆಯ್ಕೆಯೆಂದು ಕರೆಯಲಾಗದು.

ಇನ್ನು ನಾನು ಹೆಚ್ಚು ಹೇಳಬೇಕೆಂದಿರುವುದು ‘ಪ್ರಾಜೆಕ್ಟ್ ಜೊಂಬಾಯ್ಡ್’ ಬಗ್ಗೆ. ಮೇಲಿನಿಂದ ಓರೆಯಾಗಿ ನೋಡುವ, ನೋಡಲು ಸಾಧಾರಣವಾದ ಆಟ ಇದು. ಅಮೆರಿಕದ ಕೆಂಟಕಿಯ ನಾಕ್ಸ್ ಕೌಂಟಿ ಎಂಬ ಕಲ್ಪಿತ ಸೀಮೆಯಲ್ಲಿ ನಡೆಯುತ್ತದೆ. ಕಾದಾಟ ಇಲ್ಲಿ ದೇಹದ ಲೆಕ್ಕ. ಕೋಲು ಬೀಸಿದಷ್ಟೂ ದಣಿವು, ದಣಿದಷ್ಟೂ ಏಟಿನ ಬಲ ಕಡಿಮೆ, ಬಂದೂಕು ಹಾರಿಸಿದರೆ ಸದ್ದಿಗೆ ಊರೇ ಬರುತ್ತದೆ. ಗೀರು ಬಿದ್ದರೆ ಸೋಂಕಿನ ಸಂಭವ ಶೇ 7, ಚರ್ಮ ಸೀಳಿದರೆ ಶೇ 25, ಹಲ್ಲು ತಗಲಿದರೆ ಸಾವು ಖಚಿತ. ಕೂಡಲೇ ಸಾಯುವುದಿಲ್ಲ, ಅಷ್ಟೇ. ಆಟದ ಒಂದು ದಿನ ನಮ್ಮ ಒಂದು ಗಂಟೆಗೆ ಸಮ, ಆದ್ದರಿಂದ ಕಚ್ಚಿಸಿಕೊಂಡವನ ಮುಂದೆ ಒಂದು ಇಡೀ ಸಂಜೆ ಉಳಿದಿರುತ್ತದೆ.

ಆಗಸ್ಟ್‌ನಲ್ಲಿ ನಾನೂ ವಿರಾಜಪೇಟೆಯ ಗೆಳೆಯನೂ ಮಲ್ಡ್ರಾ ಎಂಬ ಊರಿನಲ್ಲಿ ಮನೆಯೊಂದನ್ನು ಭದ್ರಪಡಿಸಿಕೊಂಡಿದ್ದೆವು. ಅಡುಗೆಮನೆಯ ಕಿಟಕಿ ಏರಿ ಒಳಬಂದ ಅವನು ತನ್ನ ಚೀಲದಿಂದ ಸುತ್ತಿಗೆ, ಮೊಳೆ, ಬೀಜದ ಪೊಟ್ಟಣ, ಕೊನೆಗೆ ನೀರಿನ ಬಾಟಲಿಯನ್ನೂ ತೆಗೆದು ನನ್ನ ಪೆಟ್ಟಿಗೆಯಲ್ಲಿ ಜೋಡಿಸತೊಡಗಿದ. ಭಾರವಾಯಿತು ಎಂದ. ಈ ಆಟದಲ್ಲಿ ಇನ್ನೊಬ್ಬನ ಗಾಯವನ್ನು ನೋಡಬೇಕಾದರೆ ಅವನ ಹತ್ತಿರ ನಿಂತು ವೈದ್ಯಕೀಯ ತಪಾಸಣೆ ಎಂಬುದನ್ನು ಒತ್ತಬೇಕು, ಅವನು ಸ್ಥಿರವಾಗಿ ನಿಲ್ಲಬೇಕು. ನಾನು ಒತ್ತಿದಾಗಲೆಲ್ಲ ಅವನು ಒಂದು ಹೆಜ್ಜೆ ಸರಿಯುತ್ತಿದ್ದ. ಮೂರನೆಯ ಸಲವೂ ಸರಿದಾಗ ನನಗೆ ಅರ್ಥವಾಯಿತು, ಆದರೆ ಕೇಳಲು ಬಾಯಿ ಬರಲಿಲ್ಲ. ಮುಂದಿನ ಒಂದೂವರೆ ಗಂಟೆ ಅವನು ಕಿಟಕಿಗಳಿಗೆಲ್ಲ ಹಲಗೆ ಹೊಡೆದ. ಆಮೇಲೆ ಕಾಡಿನ ಕಡೆ ಸೌದೆಗೆ ಹೋಗುತ್ತೇನೆ, ನೀನು ಬಾಗಿಲು ಹಾಕಿಕೋ ಎಂದು ಹೇಳಿ ಹೊರಟ, ಮರಳಿ ಬರಲಿಲ್ಲ.

ಧಾರಾವಾಹಿಯ ಮೊದಲ ಸೀಸನ್‌ನಲ್ಲಿ ಜಿಮ್ ಕೂಡ ಹೀಗೆಯೇ ಮುಚ್ಚಿಡುತ್ತಾನೆ. ಅಂಗಿಯ ಮೇಲಿನ ರಕ್ತದಿಂದ ಗುಟ್ಟು ಬಯಲಾಗುತ್ತದೆ. ಕೂಡಲೇ ಕೊಲ್ಲಬೇಕೆಂದು ಡ್ಯಾರಿಲ್ ಗುದ್ದಲಿ ಎತ್ತುತ್ತಾನೆ, ರಿಕ್ ತಡೆಯುತ್ತಾನೆ, ಕೊನೆಗೆ ಜಿಮ್ ಕೇಳಿಕೊಂಡಂತೆ ಅವನನ್ನು ದಾರಿ ಬದಿಯ ಮರಕ್ಕೆ ಒರಗಿಸಿ, ಒಬ್ಬೊಬ್ಬರಾಗಿ ವಿದಾಯ ಹೇಳಿ ಹೋಗುತ್ತಾರೆ. ರಿಕ್ ಕೊಡಲು ಬಂದ ಪಿಸ್ತೂಲನ್ನೂ ಅವನು ಒಲ್ಲೆನೆನ್ನುತ್ತಾನೆ, ಅದು ನಿಮಗೇ ಬೇಕಾಗುತ್ತದೆ ಎಂದು. ಮೊದಲ ಸಲ ನೋಡಿದಾಗ ನಾನು ರಿಕ್ ಮತ್ತು ಡ್ಯಾರಿಲ್ ನಡುವಿನ ವಾದವನ್ನಷ್ಟೇ ಗಮನಿಸಿದ್ದೆ. ಜೊಂಬಾಯ್ಡ್‌ನ ಆ ಸಂಜೆಯ ಬಳಿಕ ಅದೇ ಕಂತನ್ನು ತಂಗಿಯೊಡನೆ ಇನ್ನೊಮ್ಮೆ ನೋಡಿದಾಗ ನನ್ನ ಕಣ್ಣು ಜಿಮ್‌ನನ್ನು ಬಿಟ್ಟು ಕದಲಲಿಲ್ಲ. ನನ್ನ ತೀರ್ಪು ಇಲ್ಲಿ ಸ್ಪಷ್ಟ: ಬಿಟ್ಟು ಹೋಗುವವರ ಕಷ್ಟವನ್ನು ಧಾರಾವಾಹಿ ಚೆನ್ನಾಗಿ ತೋರಿಸುತ್ತದೆ, ಬಿಡಿಸಿಕೊಂಡು ಹೋಗುವವನ ಒಳಗನ್ನು ಅರ್ಥ ಮಾಡಿಸಿದ್ದು ಆಟ.

ಯಾವುದನ್ನು ಆರಿಸಲಿ ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟು. ನಂಬಿಕೆಯ ನಾಲ್ವರಿದ್ದು ಸಂಪರ್ಕ ಸುಮಾರಾಗಿದ್ದರೆ ‘ಲೆಫ್ಟ್ ಫೋರ್ ಡೆಡ್ 2’, ಅದೂ ಕಷ್ಟದ ಹಂತದಲ್ಲಿ. ಒಂದೇ ಸಂಜೆ ಬಿಡುವಿದ್ದರೆ ‘ಕ್ಲಿಯರ್’ ಕಂತೊಂದೇ ಸಾಕು. ಮಳೆಗೆ ಮರ ಬಿದ್ದು ಕರೆಂಟ್ ಹೋಗುವ ನಮ್ಮಂಥ ಕಡೆ ಇರುವವರು ‘ಪ್ರಾಜೆಕ್ಟ್ ಜೊಂಬಾಯ್ಡ್’ ಆರಿಸಬೇಕು. ಇಂಟರ್ನೆಟ್ ಇಲ್ಲದಿದ್ದರೂ ಲ್ಯಾಪ್‌ಟಾಪ್‌ನ ಬ್ಯಾಟರಿ ಇರುವಷ್ಟು ಹೊತ್ತು ಒಬ್ಬರೇ ಆಡಬಹುದು, ಆದರೆ ಒಬ್ಬ ಗೆಳೆಯನಾದರೂ ಜೊತೆಗಿರುವ ದಿನಕ್ಕೆ ಕಾಯುವುದು ಒಳಿತು.

ನಾವಿಬ್ಬರೂ ಸೆಪ್ಟೆಂಬರ್‌ನಲ್ಲಿ ಹೊಸ ಲೋಕವೊಂದನ್ನು ಶುರುಮಾಡಿದೆವು. ಶುರುವಿಗೆ ಮುನ್ನ, ಪ್ರತಿ ಸಲ ಹೊರಗಿನಿಂದ ಬಂದ ಕೂಡಲೇ ಇಬ್ಬರೂ ಒಬ್ಬರನ್ನೊಬ್ಬರು ತಪಾಸಣೆ ಮಾಡಬೇಕು, ಸರಿಯದೆ ನಿಲ್ಲಬೇಕು ಎಂಬ ಒಪ್ಪಂದವಾಗಲಿ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯಿತು ಎಂದ.