ಕ್ಯೂರ್, ಕೆಂಡ್ರಿಕ್, ಬಿಯಾನ್ಸೆ: ಮೊದಲು ಯಾವುದು?

2024ರ ಈ ಮೂರರಲ್ಲಿ ಒಂದೇ ಆಲ್ಬಮ್ ಕೇಳೋಕೆ ಪುರುಸೊತ್ತಿದೆಯಾ? ನನ್ನ ಓಟು ರಾಕ್‌ಗೆ, ಅಂದರೆ ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ಗೆ. 16 ವರ್ಷ ಕಾಯಿಸಿ ಬಂದದ್ದು, ಎಂಟೇ ಹಾಡು. ಮೊದಲನೆಯ ‘ಅಲೋನ್’ನಲ್ಲಿ ಗಾಯಕ ರಾಬರ್ಟ್ ಸ್ಮಿತ್ ಬಾಯಿ ಬಿಡುವಷ್ಟರಲ್ಲಿ ಮೂರು ನಿಮಿಷ ದಾಟಿರುತ್ತದೆ. ಅಲ್ಲಿವರೆಗೂ ಬರೀ ವಾದ್ಯ, ಅದೂ ನಿಧಾನವಾಗಿ. ನನಗೆ ಅದೇ ಇಷ್ಟ.

ಅಷ್ಟು ತಾಳ್ಮೆ ಇಲ್ಲವಾ? ಕೆಂಡ್ರಿಕ್ ಲಮಾರ್ ಅವರ ‘ಜಿಎನ್‌ಎಕ್ಸ್’ ಹಾಕಿ. ಹೇಳದೆ ಕೇಳದೆ ಬಿಡುಗಡೆಯಾದ ರ‍್ಯಾಪ್, 12 ಹಾಡು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಶುರುವಿನಲ್ಲೇ ಮರಿಯಾಚಿ (ಮೆಕ್ಸಿಕೊದ ಸಾಂಪ್ರದಾಯಿಕ ಸಂಗೀತ) ಗಾಯಕಿಯ ದನಿ ಕೇಳಿದರೆ ಗಾಬರಿಯಾಗಬೇಡಿ.

ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ಗೆ ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ಸಿಕ್ಕಿದೆ, ನಿಜ. ಆದರೆ 27 ಟ್ರ್ಯಾಕ್ ಜಾಸ್ತಿಯಾಯಿತು, ಅಲ್ವಾ? ಸುಮ್ನೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ರುಚಿ ನೋಡೋದಾದರೆ ಆ ಆಲ್ಬಮ್‌ನ ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಡು ಸಾಕು. ಅದರಲ್ಲಿ ಬ್ಯಾಂಜೊ ಎಂಬ ತಂತಿವಾದ್ಯ ನುಡಿಸಿದ್ದು ರಿಯಾನನ್ ಗಿಡೆನ್ಸ್.