ಕಾಗದದ ಕವಚಕ್ಕೆ ರೆಸಿನ್, ಫೈಬರ್ ಮ್ಯಾಟ್ ಮತ್ತು ಪುಟ್ಟಿ: ದೀರ್ಘಕಾಲದ ಬಳಕೆಯ ವಿಮರ್ಶೆ

ಬೆಂಗಳೂರಿನ ಕಾಮಿಕ್ ಕಾನ್‌ನಂತಹ ಮೇಳಗಳಿಗೆ ವೇಷ ಧರಿಸಿ ಹೋಗುವ ಹವ್ಯಾಸ ನನ್ನದು. ಅದಕ್ಕೆ ಬೇಕಾದ ಶಿರಸ್ತ್ರಾಣ, ಎದೆಕವಚ, ಭುಜಕವಚಗಳನ್ನು ಕೆಲವು ವರ್ಷಗಳಿಂದ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೇನೆ. ಪೆಪಕುರಾ ಎಂಬ ಜಪಾನಿನ ತಂತ್ರಾಂಶವು ಮೂರು ಆಯಾಮದ ಮಾದರಿಯನ್ನು ಬಿಚ್ಚಿ ಹಾಳೆಗಳ ಮೇಲೆ ಹರಡಿಕೊಡುತ್ತದೆ. ಅದನ್ನು 200ರಿಂದ 250 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ದಪ್ಪ ಹಾಳೆಯಲ್ಲಿ ಮುದ್ರಿಸಿ, ಕತ್ತರಿಸಿ, ಮಡಿಸಿ ಅಂಟಿಸಿದರೆ ಆಕಾರ ಸಿದ್ಧವಾಗುತ್ತದೆ. ಆ ಆಕಾರವನ್ನು ಗಟ್ಟಿಗೊಳಿಸಲು ನಾನು ಬಳಸುತ್ತಿರುವುದು ಅಂಗಡಿಗಳಲ್ಲಿ ಜಿಪಿ ರೆಸಿನ್ ಎಂದು ಸಿಗುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗಿ ಪ್ಲಾಸ್ಟಿಕ್‌ನಂತಾಗುವ ದ್ರವ), ಗಾಜಿನ ಎಳೆಗಳ 300 ಜಿಎಸ್‌ಎಂ ಫೈಬರ್ ಮ್ಯಾಟ್ ಮತ್ತು ಕಾರುಗಳ ಡೆಂಟಿಂಗ್ ಕೆಲಸದ ಪಾಲಿಯೆಸ್ಟರ್ ಪುಟ್ಟಿ.

ಇಷ್ಟು ಕಾಲದ ಬಳಕೆಯಲ್ಲಿ ಖಚಿತವಾದ ಸಂಗತಿಯೆಂದರೆ, ಕವಚಕ್ಕೆ ಬಲ ಬರುವುದು ಒಳಗೆ ಕೂರಿಸಿದ ಮ್ಯಾಟ್‌ನಿಂದ. ಬರೀ ರೆಸಿನ್ ಕುಡಿದ ಕಾಗದ ಬಿರುಸಾಗಿರುತ್ತದೆ, ಆದರೆ ಪೆಡಸಾಗಿದ್ದು ಒಮ್ಮೆ ಕೆಳಗೆ ಬಿದ್ದರೆ ಮಡಿಕೆಯ ಗೆರೆಯುದ್ದಕ್ಕೂ ಸೀಳುತ್ತದೆ. ಪುಟ್ಟಿಯಂತೂ ಮೇಲ್ಮೈಯನ್ನು ನಯಗೊಳಿಸುತ್ತದೆಯೇ ಹೊರತು ಯಾವ ಭಾರವನ್ನೂ ಹೊರುವುದಿಲ್ಲ. ನನ್ನ ಹಳೆಯ ಕವಚಗಳಲ್ಲಿ ಬಿರುಕು ಕಾಣಿಸಿಕೊಂಡಿರುವುದೆಲ್ಲ ಮ್ಯಾಟ್ ತೆಳುವಾಗಿದ್ದು ಪುಟ್ಟಿ ದಪ್ಪವಾಗಿರುವ ಅಂಚುಗಳಲ್ಲಿ. ಎರಡು ಪದರ ಮ್ಯಾಟ್ ಬಿದ್ದಿರುವ ನೆತ್ತಿಯ ಭಾಗ ಇಂದಿಗೂ ಹಾಗೆಯೇ ಇದೆ.

ರೆಸಿನ್ ಬಳಿಯುವಾಗ ಸಹನೆ ಬೇಕು. ಒದ್ದೆಯಾದ ಕಾಗದ ಮೆತ್ತಗಾಗಿ ತನ್ನ ಭಾರಕ್ಕೇ ಬಾಗುವುದರಿಂದ, ಕುತ್ತಿಗೆಯ ಬಾಯಿಯಂತಹ ತೆರೆದ ಜಾಗಗಳಿಗೆ ಹಾಳೆಯದೇ ಅಡ್ಡಪಟ್ಟಿಗಳನ್ನು ಮೊದಲೇ ಅಂಟಿಸಿ, ಹೊರಗಡೆಗೆ ತೆಳುವಾದ ಎರಡು ಕೋಟ್ ಮಾತ್ರ ಕೊಡುತ್ತೇನೆ. ಒಳಗಿನ ಮ್ಯಾಟ್ ಗಟ್ಟಿಯಾಗುವ ತನಕ ಆ ಪಟ್ಟಿಗಳನ್ನು ತೆಗೆಯಬಾರದು, ಏಕೆಂದರೆ ಈ ರೆಸಿನ್ ಗಟ್ಟಿಯಾಗುತ್ತಾ ಸ್ವಲ್ಪ ಕುಗ್ಗಿ ಅಂಚುಗಳನ್ನು ಒಳಕ್ಕೆ ಸೆಳೆಯುತ್ತದೆ. ನೂರು ಗ್ರಾಂ ರೆಸಿನ್‌ಗೆ ಒಂದರಿಂದ ಒಂದೂವರೆ ಗ್ರಾಂ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಸಾಕಾಗುತ್ತದೆ. ಕಲಸಿದ್ದನ್ನು ಆಳವಾದ ಲೋಟದಲ್ಲಿ ಬಿಟ್ಟರೆ ತನ್ನ ಶಾಖದಲ್ಲೇ ಬೆಂದು ಹೊಗೆಯಾಡುವುದರಿಂದ ಅಗಲವಾದ ತಟ್ಟೆಯೇ ಲೇಸು, ಅದೂ ಏಪ್ರಿಲ್ ತಿಂಗಳಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಸಿಕೊಳ್ಳುವುದೇ ಸರಿ.

ಮ್ಯಾಟ್ ಅನ್ನು ಕತ್ತರಿಯಿಂದ ಕತ್ತರಿಸುವುದಕ್ಕಿಂತ ಅಂಗೈಯಗಲದ ತುಂಡುಗಳಾಗಿ ಕೈಯಿಂದ ಹರಿಯುವುದು ಉತ್ತಮ. ಹರಿದ ಅಂಚಿನ ಎಳೆಗಳು ಪಕ್ಕದ ತುಂಡಿನೊಳಗೆ ಬೆರೆತು, ಜೋಡಣೆಯ ಗೆರೆ ಉಳಿಯುವುದಿಲ್ಲ. ಬ್ರಷ್ ಎಳೆದರೆ ಎಳೆಗಳು ಕಿತ್ತುಬರುತ್ತವೆ, ಆದ್ದರಿಂದ ಬ್ರಷ್‌ನ ತುದಿಯಿಂದ ಕುಟ್ಟುತ್ತಾ ಹೋಗಬೇಕು. ಬಿಳಿಯ ಮ್ಯಾಟ್ ರೆಸಿನ್ ಹೀರುತ್ತಾ ಪಾರದರ್ಶಕವಾಗಿ, ಕೆಳಗಿನ ಹಾಳೆಯ ಮುದ್ರಿತ ಗೆರೆಗಳೂ ಮಡಿಕೆಯ ಅಂಕಿಗಳೂ ನಿಚ್ಚಳವಾಗಿ ಕಾಣತೊಡಗುವ ಆ ಗಳಿಗೆ ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದದ್ದು. ಎಲ್ಲಾದರೂ ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದೇ ಅರ್ಥ, ಮುಂದೊಂದು ದಿನ ಪದರ ಬಿಡುವುದು ಅಲ್ಲಿಂದಲೇ.

ಇವುಗಳ ಅಪಾಯವನ್ನು ಹಗುರವಾಗಿ ಹೇಳಲು ನನಗೆ ಮನಸ್ಸಿಲ್ಲ. ರೆಸಿನ್‌ನಿಂದ ಹೊಮ್ಮುವ ಸ್ಟೈರೀನ್ ಆವಿಯನ್ನು ಧೂಳಿನ ಮಾಸ್ಕ್ ತಡೆಯುವುದಿಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು, ಕೆಲಸ ತಾರಸಿಯಂತಹ ಬಯಲಿನಲ್ಲೇ ಆಗಬೇಕು. ಹಾರ್ಡನರ್ ಒಂದು ಹನಿ ಸಿಡಿದರೂ ಕಣ್ಣಿಗೆ ಗಂಭೀರ ಹಾನಿಯಾಗಬಹುದಾದ್ದರಿಂದ ಕನ್ನಡಕ ಕಡ್ಡಾಯ. ಕೆಲವು ಅಂಗಡಿಗಳಲ್ಲಿ ರೆಸಿನ್ ಬೇಗ ಗಟ್ಟಿಯಾಗಲು ಸೇರಿಸುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನು ಬೇರೆ ಸೀಸೆಯಲ್ಲಿ ಕೊಡುತ್ತಾರೆ. ಅದನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್ ಹಾಕಬೇಕು. ಆ ಎರಡು ದ್ರವಗಳು ನೇರವಾಗಿ ಒಂದಕ್ಕೊಂದು ಸೇರಿದರೆ ಸ್ಫೋಟವಾಗಬಲ್ಲದು. ಹೊಸಬರಿಗೆ ಅಂಗಡಿಯವರು ಇದನ್ನು ಸೀಸೆ ಕೊಡುವಾಗಲೇ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಪುಟ್ಟಿಯ ಕುರಿತು ನನ್ನದು ಮಿಶ್ರ ಅಭಿಪ್ರಾಯ. 80ರ ಅಂಕಿಯ ಒರಟು ಉಪ್ಪುಕಾಗದದಿಂದ ಉಜ್ಜಿ ಒರಟಾಗಿಸಿದ ಮೇಲ್ಮೈಗೆ ಅದು ಚೆನ್ನಾಗಿ ಹಿಡಿಯುತ್ತದೆ. ಪೂರ್ತಿ ಗಟ್ಟಿಯಾಗುವ ಮುನ್ನ, ಉಗುರು ಒತ್ತಿದರೆ ಗುರುತು ಮೂಡುವ ಹದದಲ್ಲಿ ಚಾಕುವಿನಿಂದ ಹೆರೆದರೆ ಮುಕ್ಕಾಲು ಪಾಲು ಉಜ್ಜುವ ಶ್ರಮ ಉಳಿಯುತ್ತದೆ. ಆದರೆ ಪುಟ್ಟಿ ನೀರನ್ನು ಹೀರುತ್ತದೆ. ನೀರು ಹಾಕಿ ಉಜ್ಜಿದ ಪುಟ್ಟಿಯ ಮೇಲೆ, ಅದರಲ್ಲೂ ಮಳೆಗಾಲದಲ್ಲಿ, ಬಳಿದ ಬಣ್ಣಕ್ಕೆ ಕೆಲವು ತಿಂಗಳಲ್ಲಿ ಬೊಬ್ಬೆ ಏಳುವ ಸಾಧ್ಯತೆ ಹೆಚ್ಚು. ಹಾಗಾಗಿ ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಿ, ಪ್ರೈಮರ್ ಹೊಡೆದು, ಅನಂತರ 400ರ ನಯವಾದ ಉಪ್ಪುಕಾಗದಕ್ಕೆ ನೀರು ಮುಟ್ಟಿಸುವುದು ಕ್ಷೇಮ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ತುರಿಕೆ ತರುತ್ತದೆ. ತುಂಬು ತೋಳಿನ ಅಂಗಿ ತೊಡಬೇಕು, ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲೇ ತೊಳೆದುಕೊಳ್ಳಬೇಕು.

ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಅನ್ನೂ ಬಳಸಿ ನೋಡಿದ್ದೇನೆ. ವಾಸನೆ ಬಹಳ ಕಡಿಮೆ, ಕುಗ್ಗುವಿಕೆಯೂ ಅಷ್ಟೇ, ಬೆಲೆ ಮಾತ್ರ ಜಾಸ್ತಿ. ಸಾಮಾನ್ಯ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನ್‌ನಲ್ಲಿ ಕರಗುವಂಥದ್ದಾದ್ದರಿಂದ ಎಪಾಕ್ಸಿಯಲ್ಲಿ ಅದು ಮೆತ್ತಗಾಗುವುದಿಲ್ಲ, ನೇಯ್ದ ಗಾಜಿನ ಬಟ್ಟೆಯನ್ನೇ ತರಬೇಕಾಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಬಯಲು ಜಾಗವಿಲ್ಲದವರಿಗೆ ಈ ಯಾವುದನ್ನೂ ನಾನು ಶಿಫಾರಸು ಮಾಡಲಾರೆ, ಅವರಿಗೆ ಇವಿಎ ಫೋಮ್ (ಮೆತ್ತನೆಯ, ಬಾಗುವ ಹಾಳೆ) ಸಾಕು. ಮೊಣಕೈ, ಸೊಂಟದಂತಹ ಬಾಗುವ ಭಾಗಗಳಿಗೆ ನಾನೂ ಈಗ ಫೋಮ್ ಅನ್ನೇ ಬಳಸುತ್ತೇನೆ. ಶಿರಸ್ತ್ರಾಣದ ಚೂಪಾದ ಅಂಚುಗಳು ಮತ್ತು ಲೋಹದ ಹೊಳಪು ಮಾತ್ರ ಫೋಮ್‌ನಲ್ಲಿ ನನ್ನ ಮನಸ್ಸಿಗೆ ಒಪ್ಪುವಂತೆ ಬಂದಿಲ್ಲ.

ಕೊಳ್ಳುವಾಗ ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳನ್ನು ನೋಡಲೇಬೇಕು. ರೆಸಿನ್ ಹಾರ್ಡನರ್ ಸೋಕದಿದ್ದರೂ ತಂಪಿಲ್ಲದ ಕಡೆ ಕೆಲವೇ ತಿಂಗಳಲ್ಲಿ ಡಬ್ಬಿಯೊಳಗೇ ಗಟ್ಟಿಯಾಗತೊಡಗುತ್ತದೆ. ದೊಡ್ಡ ಕ್ಯಾನ್ ಅಗ್ಗವೆಂದು ತೋರಿದರೂ, ಒಂದು ಶಿರಸ್ತ್ರಾಣಕ್ಕೆ ಒಂದು ಕಿಲೋ ಸಾಕು.