ಟೊಮೆಟೊ ತೋಟಕ್ಕೆ ಸೋಲಾರ್ ಟ್ರ್ಯಾಪ್: ನೇರಳೆ ದೀಪದ್ದನ್ನೇ ಕೇಳಿ ತಗೊಳ್ಳಿ

ವಕ್ಕಲೇರಿ ಕಡೆ ನಮ್ಮದು ಟೊಮೆಟೊ ತೋಟ. ಕಾಯಿ ಕೊರಕ ತೂತು ಹಾಕಿದ ಕಾಯಿಗೆ ಕೋಲಾರದ ಮಾರ್ಕೆಟ್ಟಿನಲ್ಲಿ ಬೆಲೆಯೇ ಇಲ್ಲ. ಈ ಕೊರಕ ಪತಂಗದ ಮರಿಹುಳ. ಅದಕ್ಕೇ ರಾತ್ರಿ ದೀಪಕ್ಕೆ ಬರುವ ಪತಂಗಗಳನ್ನು ಕೆಳಗಿನ ಟಬ್ಬಿಗೆ ಬೀಳಿಸುವ ಈ ಸೋಲಾರ್ ಟ್ರ್ಯಾಪ್ ತಂದೆ. ಒಂದು ಬೆಳೆ ಪೂರ್ತಿ ನೋಡಿ ಹೇಳ್ತಿದ್ದೀನಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಅಂಗಡಿಯಲ್ಲಿ ಎರಡು ಬಗೆ ಇಟ್ಟಿದ್ದರು. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿಯದು ಒಂದು, ಮಂಕಾಗಿ ನೇರಳೆ ಬಣ್ಣಕ್ಕೆ ಉರಿಯುವುದು ಇನ್ನೊಂದು. ಜಾಸ್ತಿ ಮಾರಾಟವಾಗೋದು ಬಿಳಿಯದೇ ಅಂತೆ. ನಾನು ನೇರಳೆಯದು ತಂದೆ, ಪಕ್ಕದ ತೋಟದ ಅಣ್ಣ ಬಿಳಿಯದು ಹಾಕಿದರು. ಬೆಳಗ್ಗೆ ನಮ್ಮ ಟಬ್ಬಿನಲ್ಲಿ ಪತಂಗಗಳು ಪದರ ಕಟ್ಟಿರುತ್ತವೆ, ಅವರದರಲ್ಲಿ ಅಲ್ಲೊಂದು ಇಲ್ಲೊಂದು.

ಕಾರಣ ಪತಂಗದ ಕಣ್ಣಿನಲ್ಲೇ ಇದೆ. ಅದಕ್ಕೆ ಚೆನ್ನಾಗಿ ಕಾಣೋದು ಹಸಿರು, ನೀಲಿ, ಮತ್ತೆ ನಮಗೆ ಕಾಣದ ಅತಿನೇರಳೆ, ಅಂದರೆ 350 ನ್ಯಾನೋಮೀಟರ್ ಆಸುಪಾಸಿನ ಬೆಳಕು. ಕೆಂಪು ಹೆಚ್ಚಿನವಕ್ಕೆ ಕತ್ತಲೆಯ ಲೆಕ್ಕ. ಮಾಮೂಲಿ ಬಿಳಿ ಎಲ್‌ಇಡಿ ನಮ್ಮ ಕಣ್ಣಿಗೆ ಎಷ್ಟೇ ಪ್ರಖರವಾಗಿರಲಿ, ಅದರಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಮ್ಮಿ.

ವ್ಯಾಟ್ ನೋಡಿ ಮರುಳಾಗಬೇಡಿ. ಕತ್ತಲಾದಾಗ ಪತಂಗದ ಕಣ್ಣೊಳಗಿನ ಕಪ್ಪು ವರ್ಣಕ ಹಿಂದೆ ಸರಿದು, ನೂರಾರು ಮಸೂರಗಳಿಗೆ ಬಿದ್ದ ಬೆಳಕು ಒಂದೇ ಕಡೆ ಸೇರುತ್ತದೆ. ಅಂಥ ಕಣ್ಣಿಗೆ ಸಣ್ಣ ದೀಪವೂ ಸಾಕು. ಬೆಳಕು ಜಾಸ್ತಿಯಾದರೆ ವರ್ಣಕ ಮತ್ತೆ ಅಡ್ಡ ಬಂದು ಕಣ್ಣು ಹಗಲಿನ ಸ್ಥಿತಿಗೆ ಹೋಗುತ್ತದೆ. ಜಪಾನಿನ ಹಣ್ಣಿನ ತೋಟಗಳಲ್ಲಿ ರಾತ್ರಿಯೆಲ್ಲ ಹಳದಿ ದೀಪ ಉರಿಸಿ ಪತಂಗ ಹಾರದ ಹಾಗೆ ಮಾಡೋದು ಇದೇ ಲೆಕ್ಕದ ಮೇಲೆ. ಎಷ್ಟು ಚೆಂದದ ಉಪಾಯ! ಬಾಕ್ಸ್ ತುಂಬುವ ಶೆಡ್ಡಿಗೆ ನಾನೂ ಹಳದಿ ಬಲ್ಬನ್ನೇ ಹಾಕಿಸಿದ್ದೀನಿ, ಹುಳ ಮುತ್ತೋದು ಕಮ್ಮಿಯಾಗಿದೆ.

ಟ್ರ್ಯಾಪನ್ನು ಬೀದಿದೀಪದಿಂದ ದೂರ ನಿಲ್ಲಿಸಿ. ಹುಣ್ಣಿಮೆಯ ಆಸುಪಾಸು ಕಮ್ಮಿ ಬೀಳುತ್ತವೆ, ಕೆಟ್ಟಿದೆ ಅಂತ ಅಂಗಡಿಗೆ ಹೊರಬೇಡಿ.

ಕೊರತೆಯೂ ಇದೆ. ಟಬ್ಬಿಗೆ ನೀರು ಹೊರಹೋಗುವ ತೂತಿಲ್ಲ, ಮಳೆ ಬಂದರೆ ತುಂಬಿ ಚೆಲ್ಲುತ್ತದೆ. ಬೆಳೆಗೆ ಒಳ್ಳೇದು ಮಾಡುವ ಹುಳಗಳೂ ಬಿದ್ದು ಸಾಯುತ್ತವೆ, ನನಗೆ ಸಂಕಟವಾಗೋದು ಅದಕ್ಕೇ. ಹಾಗಾಗಿ ರಾತ್ರಿ ತಾನಾಗಿ ಆರುವ ಟೈಮರ್ ಇಲ್ಲದ್ದು ಬೇಡವೇ ಬೇಡ. ಕಾಯಿಯೊಳಗೆ ಆಗಲೇ ಸೇರಿಕೊಂಡ ಹುಳಕ್ಕೆ ಇದರಿಂದ ಏನೂ ಆಗಲ್ಲ, ಹೂ ಬಿಡುವ ಮೊದಲೇ ಟ್ರ್ಯಾಪನ್ನು ತೋಟದಲ್ಲಿ ಇಡಬೇಕು.

ಕೊಳ್ಳುವಾಗ ದೀಪವನ್ನು ಕತ್ತಲಲ್ಲಿ ಹಚ್ಚಿಸಿ, ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆ ಹಿಡಿದು ನೋಡಿ. ಬಟ್ಟೆ ನೀಲಿಯಾಗಿ ಫಳಫಳ ಹೊಳೆದರೆ ದೀಪದಲ್ಲಿ ಅತಿನೇರಳೆ ಇದೆ ಅಂತ ಲೆಕ್ಕ, ತಗೊಳ್ಳಿ. ದೀಪವನ್ನೇ ದಿಟ್ಟಿಸಬೇಡಿ, ಕಣ್ಣಿಗೆ ಒಳ್ಳೇದಲ್ಲ.